ಆಸ್ಪತ್ರೆಗಳಲ್ಲಿ ಔಷಧ ಪ್ರಮಾದ, ಅದರ ನಿಗಾ ಮತ್ತು ತಡೆ: ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್

ರೋಗಿಗೆ ಸಲ್ಲಬೇಕಾದ ಔಷಧ ಸಲ್ಲದೆ ಹೋಗುವುದು, ಸಲ್ಲಬಾರದ್ದು ಸಲ್ಲುವುದು, ಇಲ್ಲವೆ ಪ್ರಮಾಣವೋ ಹೊತ್ತೋ ಕೊಡುವ ಮಾರ್ಗವೋ ತಪ್ಪುವುದು, ಇವೆಲ್ಲ ಔಷಧ ಪ್ರಮಾದಗಳು. ವೈದ್ಯರು ಚೀಟಿ ಬರೆಯುವಾಗ, ಫಾರ್ಮಸಿಯವರು ಅದನ್ನು ಓದಿ ಗುಳಿಗೆ ಎಣಿಸುವಾಗ, ಸಿಸ್ಟರ್ ಸಿರಿಂಜಿಗೆ ಎಳೆದುಕೊಳ್ಳುವಾಗ, ಕೊಟ್ಟ ಮೇಲೆ ರೋಗಿಯನ್ನು ನೋಡಿಕೊಳ್ಳುವಾಗ, ಕೊನೆಗೆ ಮನೆಗೆ ಹೋದ ರೋಗಿ ತಾನೇ ನುಂಗುವಾಗ, ಯಾವ ಹಂತದಲ್ಲಾದರೂ ಇದು ನಡೆಯಬಹುದು. ತಡೆಯಲು ಸಾಧ್ಯವಿತ್ತು ಎಂಬುದೇ ಪ್ರಮಾದದ ಲಕ್ಷಣ. ಪೆನಿಸಿಲಿನ್ ಮೊದಲ ಸಲ ಪಡೆದವರ ಮೈಮೇಲೆ ದದ್ದು ಎದ್ದರೆ ಅದು ಅಡ್ಡಪರಿಣಾಮ. ಹಿಂದೆ ದದ್ದು ಎದ್ದಿತ್ತೆಂದು ಹಳೆಯ ಕೇಸ್ ಶೀಟಿನಲ್ಲಿ ಬರೆದಿದ್ದರೂ ಮತ್ತೆ ಕೊಟ್ಟರೆ ಅದು ಪ್ರಮಾದ.

ಔಷಧವೇ ಕಳಪೆಯಾಗಿದ್ದರೆ ಅದು ಮೂರನೆಯ ಬಗೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಹೋದದ್ದು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಸರ್ಕಾರ ಆ ಪೂರೈಕೆಯ ಬಳಕೆಯನ್ನು ತಡೆಹಿಡಿಯಿತು. ಈ ಪ್ರಕರಣ ಪ್ರಮಾದದ ವ್ಯಾಖ್ಯೆಗೆ ನೇರವಾಗಿ ಸೇರುವುದಿಲ್ಲ. ಆದರೆ ರೋಗಿಗೆ ಏರಿಸಿದ ಬಾಟಲಿಯ ಬ್ಯಾಚ್ ಸಂಖ್ಯೆ ಕೇಸ್ ಶೀಟಿನಲ್ಲಿ ಇಲ್ಲದಿದ್ದರೆ, ತಪ್ಪು ಕಾರ್ಖಾನೆಯದೋ ವಾರ್ಡಿನದೋ ಎಂದು ಬೇರ್ಪಡಿಸಿ ಹೇಳುವುದೇ ಕಷ್ಟ.

ಪ್ರದೇಶ ಮತ್ತು ಆಸ್ಪತ್ರೆಗಳು

ಬಾಗಲಕೋಟೆ ಜಿಲ್ಲೆ 1997ರ ಆಗಸ್ಟ್ 15ರಂದು ವಿಜಾಪುರದಿಂದ (ಇಂದಿನ ವಿಜಯಪುರ) ಬೇರೆಯಾಯಿತು. ಆಲಮಟ್ಟಿ ಹಿನ್ನೀರಿಗೆ ಊರು ಮುಳುಗಿದವರಿಗಾಗಿ ಕಟ್ಟಿದ ನವನಗರದಲ್ಲಿ ಜಿಲ್ಲಾ ಆಸ್ಪತ್ರೆ ಇದೆ. 1906ರಲ್ಲಿ ಹುಟ್ಟಿದ ಬಸವೇಶ್ವರ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ಅದಕ್ಕೆ ಸೇರಿದ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಕೂಡ ಇಲ್ಲಿಯೇ ಇವೆ. ಬಾದಾಮಿ ಮತ್ತು ಹುನಗುಂದದಲ್ಲಿ ತಾಲೂಕು ಆಸ್ಪತ್ರೆಗಳು. ಹುನಗುಂದದಿಂದ ಬೇರೆಯಾಗಿ ಈಚೆಗೆ ತಾಲೂಕಾದ ಇಳಕಲ್‌ನಲ್ಲಿ ಸರ್ಕಾರಿ ದವಾಖಾನೆಯ ಜೊತೆಗೆ ಖಾಸಗಿ ನರ್ಸಿಂಗ್ ಹೋಮ್‌ಗಳೂ ವಿಜಯ ಮಹಾಂತೇಶ ವಿದ್ಯಾವರ್ಧಕ ಸಂಘದ ಆಯುರ್ವೇದ ಕಾಲೇಜೂ ಇವೆ. ಇವುಗಳ ಸುತ್ತ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಬಲೆ.

ದೊಡ್ಡ ಊರುಗಳಲ್ಲಿ ಪ್ರಮಾದವನ್ನು ಒಂದೇ ಕಟ್ಟಡದ ಒಳಗಿನ ಸಮಸ್ಯೆಯೆಂದು ಅಭ್ಯಾಸ ಮಾಡುತ್ತಾರೆ. ಈ ಭಾಗಕ್ಕೆ ಆ ನೋಟ ಸಾಲದು. ಇಲ್ಲಿ ಗಂಭೀರ ಕಾಯಿಲೆಯವರು ಒಂದೇ ದವಾಖಾನೆಯಲ್ಲಿ ದಾಖಲಾಗಿ ಅಲ್ಲಿಂದಲೇ ಗುಣವಾಗಿ ಹೋಗುವುದು ಕಡಿಮೆ. ಹಳ್ಳಿಯ ಡಾಕ್ಟರರ ಸೂಜಿ, ಆರೋಗ್ಯ ಕೇಂದ್ರದ ಮೊದಲ ಡೋಸು, ತಾಲೂಕು ಆಸ್ಪತ್ರೆಯ ಸಲೈನು, 108 ವಾಹನ, ನವನಗರದ ಐಸಿಯು, ಅದಕ್ಕೂ ಮೇಲೆ ಹುಬ್ಬಳ್ಳಿ ಅಥವಾ ವಿಜಯಪುರ: ಒಂದೇ ರಾತ್ರಿಯಲ್ಲಿ ರೋಗಿ ಇಷ್ಟು ಕೈ ದಾಟುವುದುಂಟು. ಪ್ರತಿ ಕೈಯೂ ತನ್ನ ಮಟ್ಟಿಗೆ ಸರಿಯಾಗಿಯೇ ಕೆಲಸ ಮಾಡಿದ್ದರೂ, ಹಿಂದಿನವರು ಕೊಟ್ಟದ್ದು ಮುಂದಿನವರಿಗೆ ಗೊತ್ತಾಗದಿದ್ದರೆ ಪ್ರಮಾದ ಹುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆರಂಭಿಸಿದ ‘ಹಾನಿಯಿಲ್ಲದ ಔಷಧ’ ಎಂಬ ಜಾಗತಿಕ ಕಾರ್ಯಕ್ರಮ ಆದ್ಯತೆ ಕೊಟ್ಟ ವಿಷಯಗಳು ಮೂರು: ಅಪಾಯ ಹೆಚ್ಚಿರುವ ಸನ್ನಿವೇಶ, ಒಬ್ಬರೇ ರೋಗಿಗೆ ಹಲವು ಔಷಧ, ಮತ್ತು ಆರೈಕೆ ಕೈಬದಲಾಗುವ ಹೊತ್ತು. ಈ ನಾಲ್ಕು ಊರುಗಳ ಮಟ್ಟಿಗೆ ಮೂರನೆಯದೇ ಮೊದಲನೆಯದು.

ಮೆಗ್ನೀಸಿಯಂ ಸಲ್ಫೇಟ್

ಗರ್ಭಿಣಿಗೆ ಬಿಪಿ ಏರಿ ಫಿಟ್ಸ್ ಬಂದಾಗ ಕೊಡುವ ಈ ಚುಚ್ಚುಮದ್ದು ಕೈಬದಲಿನ ಅಪಾಯವನ್ನು ಬೇರಾವುದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಶೇಕಡಾ 50ರ ದ್ರಾವಣದ 2 ಮಿಲಿ ಆಂಪ್ಯೂಲಿನಲ್ಲಿ ಇರುವುದು 1 ಗ್ರಾಂ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಮೊದಲ ಡೋಸನ್ನು ತಾವೇ ಕೊಟ್ಟು ಮೇಲಿನ ಆಸ್ಪತ್ರೆಗೆ ಕಳಿಸಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ: ಒಂದೊಂದು ಪಿರ್ರೆಗೆ 5 ಗ್ರಾಂ, ಒಟ್ಟು 10 ಗ್ರಾಂ, ಎಂದರೆ ಹತ್ತು ಆಂಪ್ಯೂಲು. ತಜ್ಞರಿರುವ ಆಸ್ಪತ್ರೆಯ ಪೂರ್ಣ ಕ್ರಮದಲ್ಲಿ ಇದೇ 10 ಗ್ರಾಂ ಸ್ನಾಯುವಿಗೆ, ಜೊತೆಗೆ 4 ಗ್ರಾಂ ಶೇಕಡಾ 20ಕ್ಕೆ ತೆಳುಮಾಡಿ ನಿಧಾನವಾಗಿ ನರಕ್ಕೆ. ಆಮೇಲೆ ನಾಲ್ಕು ಗಂಟೆಗೊಮ್ಮೆ 5 ಗ್ರಾಂ.

ಅಮೀನಗಡದ ಆಸುಪಾಸಿನ ಹಳ್ಳಿಯಿಂದ ಹೊರಟ ಹೆಣ್ಣುಮಗಳೊಬ್ಬಳು ನವನಗರ ಮುಟ್ಟುತ್ತಾಳೆ ಎಂದಿಟ್ಟುಕೊಳ್ಳಿ. ಅವಳ ರೆಫರಲ್ ಚೀಟಿಯಲ್ಲಿ ‘ಇಂಜೆಕ್ಷನ್ ಕೊಡಲಾಗಿದೆ’ ಎಂದಷ್ಟೇ ಇದೆ. ಯಾವ ಇಂಜೆಕ್ಷನ್, ಎಷ್ಟು ಗ್ರಾಂ, ಎಲ್ಲಿಗೆ, ಎಷ್ಟು ಗಂಟೆಗೆ ಎಂಬುದಿಲ್ಲ. ಜೊತೆಗೆ ಬಂದ ಅತ್ತೆಗೆ ಗೊತ್ತಿರುವುದು ‘ಎರಡೂ ಕಡೆ ಸೂಜಿ ಮಾಡ್ಯಾರ್ರಿ’ ಎಂಬುದು ಮಾತ್ರ. ಹೆರಿಗೆ ಕೋಣೆಯವರ ಮುಂದೆ ಎರಡೂ ತಪ್ಪು ದಾರಿಗಳು ತೆರೆದಿವೆ. ಏನೂ ಕೊಟ್ಟಿಲ್ಲವೆಂದು ತಿಳಿದು ಪೂರ್ತಿ 14 ಗ್ರಾಂ ಕೊಟ್ಟರೆ ಕೆಲವೇ ತಾಸಿನಲ್ಲಿ 24 ಗ್ರಾಂ ಒಳಗೆ ಹೋಗುತ್ತದೆ. ಎಲ್ಲ ಆಗಿದೆಯೆಂದು ಬಿಟ್ಟರೆ ಮತ್ತೊಮ್ಮೆ ಫಿಟ್ಸ್ ಬರಬಹುದು. ಅತಿಯಾದ ಮೆಗ್ನೀಸಿಯಂ ಮೊದಲು ಮೊಣಕಾಲ ಚಿಪ್ಪಿನ ಕೆಳಗಿನ ಪ್ರತಿವರ್ತನೆಯನ್ನು ಕಳೆಯುತ್ತದೆ, ಆಮೇಲೆ ಉಸಿರನ್ನು ತಗ್ಗಿಸುತ್ತದೆ. ಅದಕ್ಕೇ ಪ್ರತಿ ಡೋಸಿನ ಮುಂಚೆ ಮೂರು ನೋಡಬೇಕು: ಮೊಣಕಾಲು ತಟ್ಟಿದರೆ ಜಿಗಿಯುತ್ತದೆಯೇ, ಉಸಿರಾಟ ನಿಮಿಷಕ್ಕೆ 16ಕ್ಕಿಂತ ಹೆಚ್ಚಿದೆಯೇ, ಮೂತ್ರ ಗಂಟೆಗೆ 30 ಮಿಲಿಯಾದರೂ ಬರುತ್ತಿದೆಯೇ. ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲುಕೊನೇಟ್, ಶೇಕಡಾ 10ರ 10 ಮಿಲಿ ಆಂಪ್ಯೂಲು, ಅದೇ ಟ್ರೇಯಲ್ಲಿ ಕೈಗೆಟುಕುವಂತೆ ಇರಬೇಕು. ಹೆರಿಗೆ ಕೋಣೆಗಳ ಗುಣಮಟ್ಟಕ್ಕಾಗಿ 2017ರಲ್ಲಿ ಬಂದ ‘ಲಕ್ಷ್ಯ’ ಯೋಜನೆ ಟ್ರೇಗಳ ಜೋಡಣೆಗೆ ಒತ್ತು ಕೊಟ್ಟದ್ದು ಇಂಥ ಕಾರಣಕ್ಕೆ. ಹೊರಗಿನವರಿಗೆ ಅದು ಅಲ್ಪ ವಿಷಯವೆನಿಸಬಹುದು. ಆಕ್ಸಿಟೋಸಿನ್ ಮತ್ತು ಮೆಥರ್ಜಿನ್ ಎರಡೂ 1 ಮಿಲಿಯ ಪುಟ್ಟ ಆಂಪ್ಯೂಲುಗಳು, ಎರಡೂ ಹೆರಿಗೆಯ ನಂತರದ ರಕ್ತಸ್ರಾವಕ್ಕೆ. ಬಿಪಿ ಏರಿದವಳಿಗೆ ಎರಡನೆಯದನ್ನು ಕೊಡಬಾರದು. ರಾತ್ರಿ ಎರಡು ಗಂಟೆಗೆ ಅವು ಬೇರೆ ಬೇರೆ ಗುಣಿಗಳಲ್ಲಿ ಇದ್ದವೇ ಎಂಬುದರ ಮೇಲೆ ಬಹಳಷ್ಟು ನಿಂತಿರುತ್ತದೆ.

ಈ ಭಾಗದ ಚೊಚ್ಚಿಲ ಹೆರಿಗೆಗೆ ಮತ್ತೊಂದು ತೊಡಕಿದೆ. ತಾಯಿ ಕಾರ್ಡ್ ಮಾಡಿಸಿದ್ದು ಗಂಡನ ಊರಿನಲ್ಲಿ, ಹೆರಿಗೆ ತವರಿನಲ್ಲಿ. ಗಂಡನ ಊರಿನಲ್ಲಿ ಬಿಪಿಗೆ ಯಾವ ಗುಳಿಗೆ ನಡೆದಿತ್ತು ಎಂಬುದು ಕಾರ್ಡಿನಲ್ಲಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಾವಿನ ಕಡಿತದಲ್ಲೂ ಕಥೆ ಹೀಗೆಯೇ. ಪ್ರತಿವಿಷದ ಎಷ್ಟು ವೈಯಲ್ ಎಲ್ಲಿ ಮುಗಿದಿವೆ ಎಂಬುದು ಮುಂದಿನ ಆಸ್ಪತ್ರೆಗೆ ತಿಳಿಯಬೇಕು. ಹಾವು ಬಿಡುವ ವಿಷ ಮಗುವಿಗೂ ದೊಡ್ಡವರಿಗೂ ಒಂದೇ ಆದ್ದರಿಂದ ಮಕ್ಕಳಿಗೂ ದೊಡ್ಡವರಷ್ಟೇ ವೈಯಲ್ ಬೇಕು. ಮಗುವೆಂದು ಕರುಣೆಯಿಂದ ಕಡಿಮೆ ಕೊಡುವುದೂ ಪ್ರಮಾದವೇ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ ಮೇಲೆ ಈ ದಾಖಲೆಗಳಿಗೆ ಮೊದಲಿಲ್ಲದ ಮಹತ್ವ ಬಂದಿದೆ.

ಇನ್ಸುಲಿನ್

ಸಕ್ಕರೆ ಕಾಯಿಲೆಯ ಇನ್ಸುಲಿನ್ ನಮ್ಮಲ್ಲಿ ಎರಡು ಬಲದಲ್ಲಿ ಸಿಗುತ್ತದೆ. ಸರ್ಕಾರಿ ದವಾಖಾನೆಯ ಸಾಮಾನ್ಯ ವೈಯಲ್ ಮಿಲಿಗೆ 40 ಯೂನಿಟ್. ಪೆನ್ನಿನ ಕಾರ್ಟ್ರಿಜ್ ಮತ್ತು ಕೆಲವು ಹೊಸ ವೈಯಲ್‌ಗಳು ಮಿಲಿಗೆ 100. ಸಿರಿಂಜುಗಳೂ ಎರಡು: 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 100ರ ಇನ್ಸುಲಿನ್ ತೆಗೆದು 20ರ ಗೆರೆಗೆ ನಿಲ್ಲಿಸಿದರೆ ಮೈಗೆ ಹೋಗುವುದು 50 ಯೂನಿಟ್, ಎರಡೂವರೆ ಪಟ್ಟು. ತಿರುಗುಮುರುಗಾದರೆ ಬೇಕಾದ್ದಕ್ಕಿಂತ ಅರ್ಧಕ್ಕೂ ಕಡಿಮೆ. ಪೆನ್ನಿನ ಸೂಜಿ ಮುಗಿದಾಗ ಕಾರ್ಟ್ರಿಜ್‌ಗೇ ಸಿರಿಂಜು ಚುಚ್ಚಿ ಎಳೆದುಕೊಳ್ಳುವ ಅಭ್ಯಾಸ ಮನೆಗಳಲ್ಲಿ ಇದೆ. ವಾರ್ಡಿನಲ್ಲಿ ಅದು ನಡೆಯಬಾರದು.

ಬರವಣಿಗೆಯದೂ ಪಾಲಿದೆ. ಯೂನಿಟ್ ಎಂಬುದಕ್ಕೆ ಇಂಗ್ಲಿಷಿನ ‘ಯು’ ಅಕ್ಷರವೊಂದನ್ನೇ ಗೀಚಿದರೆ ಅದು ಸೊನ್ನೆಯಂತೆ ಕಂಡು 4 ಯೂನಿಟ್ 40 ಆಗುತ್ತದೆ. ಬಿಂದುವಿಗೆ ಮೊದಲು ಸೊನ್ನೆ ಹಾಕದಿದ್ದರೆ 0.5 ಎಂಬುದು 5 ಆಗುತ್ತದೆ. ರಕ್ತ ತಿಳಿಮಾಡುವ ಹೆಪಾರಿನ್ ವೈಯಲ್ ಮಿಲಿಗೆ 1000ದ್ದೂ 5000ದ್ದೂ ಬರುತ್ತದೆ. ಪೊಟ್ಯಾಸಿಯಂ ಕ್ಲೋರೈಡಿನ 10 ಮಿಲಿ ಆಂಪ್ಯೂಲು ಶುದ್ಧ ನೀರಿನ ಆಂಪ್ಯೂಲಿನ ಅಣ್ಣತಮ್ಮನಂತೆ ಕಾಣುತ್ತದೆ. ತೆಳುಮಾಡದೆ ನರಕ್ಕೆ ಹೋದರೆ ಹೃದಯ ನಿಲ್ಲಬಹುದು. ಅದನ್ನು ವಾರ್ಡಿನ ಸಾಮಾನ್ಯ ಕಪಾಟಿನಿಂದ ತೆಗೆದು ಬೀಗದಲ್ಲಿಡಿ ಎಂಬ ಸಲಹೆ ಹಳೆಯದು, ಖರ್ಚಿಲ್ಲದ್ದು. ಪಾಲಿಸುವುದೂ ಸುಲಭ.

ಹೆಸರು, ರೂಪ, ಟೆಂಡರು

ಒಂದೇ ರೀತಿ ಕೇಳಿಸುವ, ಒಂದೇ ರೀತಿ ಕಾಣಿಸುವ ಔಷಧಗಳ ಸಮಸ್ಯೆಯನ್ನು ಸುಪ್ರೀಂ ಕೋರ್ಟ್ 2001ರಲ್ಲಿಯೇ ಗುರುತಿಸಿತ್ತು. ಮಲೇರಿಯಾದ ಫಾಲ್ಸಿಗೋ ಮತ್ತು ಫಾಲ್ಸಿಟ್ಯಾಬ್ ಎಂಬ ಎರಡು ಬ್ರ್ಯಾಂಡುಗಳ ವ್ಯಾಜ್ಯದಲ್ಲಿ, ಸೋಪು ಸೀರೆಗಳಿಗಿಂತ ಔಷಧದ ಹೆಸರಿನ ಗೊಂದಲವನ್ನು ಹೆಚ್ಚು ಬಿಗಿಯಾಗಿ ನೋಡಬೇಕೆಂಬುದು ಅದರ ನಿಲುವಿನ ಸಾರ. ಒಳಗಿನ ಔಷಧಗಳೇ ಬೇರೆ: ಒಂದು ಆರ್ಟಿಸುನೇಟ್, ಇನ್ನೊಂದು ಮೆಫ್ಲೊಕ್ವಿನ್. ಜನರಿಕ್ ಹೆಸರುಗಳಲ್ಲೂ ಸಾಮ್ಯಕ್ಕೆ ಬರವಿಲ್ಲ. ಡೋಪಮೈನ್–ಡೊಬ್ಯುಟಮೈನ್, ಸೆಫೊಟ್ಯಾಕ್ಸಿಮ್–ಸೆಫ್ಟ್ರಿಯಾಕ್ಸೋನ್ ಜೋಡಿಗಳನ್ನು ಫೋನಿನಲ್ಲಿ ಕೇಳಿದವರಿಗೆ ಇದರ ಅರಿವಿದೆ. ಜನರಿಕ್ ಹೆಸರನ್ನೇ, ಸ್ಪಷ್ಟವಾಗಿ, ಆದಷ್ಟು ದೊಡ್ಡಕ್ಷರದಲ್ಲಿ ಬರೆಯಿರಿ ಎಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ನಿಯಮ ತಿದ್ದಿತು. ಚೀಟಿಗಳು ಅಷ್ಟಕ್ಕಷ್ಟೇ ಬದಲಾಗಿವೆ.

ಸರ್ಕಾರಿ ಪೂರೈಕೆಯ ಸ್ವಭಾವವೂ ಇದಕ್ಕೆ ಸೇರುತ್ತದೆ. ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಟೆಂಡರಿನ ಮೂಲಕ ಖರೀದಿಸುವುದರಿಂದ, ಕಂಪನಿ ಬದಲಾದಂತೆ ಅದೇ ಆಮ್ಲೋಡಿಪಿನ್ ಗುಳಿಗೆಯ ಬಣ್ಣ, ಪಟ್ಟಿ, ಗಾತ್ರ ಬದಲಾಗುತ್ತವೆ. ಓದು ಬಾರದ ಹಿರಿಯರು ಗುಳಿಗೆಯನ್ನು ಗುರುತಿಸುವುದು ಬಣ್ಣದಿಂದ. ಹೊಸ ಬಣ್ಣದ್ದನ್ನು ಬೇರೆ ಔಷಧವೆಂದು ತಿಳಿದು, ಉಳಿದಿದ್ದ ಹಳೆಯದರ ಜೊತೆ ಎರಡನ್ನೂ ನುಂಗುವವರಿದ್ದಾರೆ. ‘ಇದು ನಂದಲ್ಲ’ ಎಂದು ಬಿಟ್ಟುಬಿಡುವವರೂ ಇದ್ದಾರೆ. ಸಂತೆಯ ದಿನ, ಬನಶಂಕರಿ ಜಾತ್ರೆಯ ದಿನಗಳಲ್ಲಿ ಬಾದಾಮಿಯ ಹೊರರೋಗಿ ವಿಭಾಗದ ಫಾರ್ಮಸಿ ಅಧಿಕಾರಿಗೆ ಒಬ್ಬೊಬ್ಬರಿಗೂ ಇದನ್ನು ವಿವರಿಸುವಷ್ಟು ಪುರಸೊತ್ತು ಸಿಗುವುದು ಕಷ್ಟ.

ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ 5 ಮಿಲಿಗೆ 125 ಮಿಗ್ರಾಂ ಇರುವುದೂ 250 ಇರುವುದೂ ಉಂಟು, ಹನಿಯ ರೂಪದ್ದು 1 ಮಿಲಿಗೇ 100. ‘ಒಂದು ಚಮಚ’ ಎಂಬ ಆದೇಶಕ್ಕೆ ಆದ್ದರಿಂದ ಅರ್ಥವಿಲ್ಲ. ಮಗುವಿನ ತೂಕ ಚೀಟಿಯ ಮೇಲೆ ಇರಬೇಕು.

ನಿಗಾ

ಎಷ್ಟು ಪ್ರಮಾದ ನಡೆಯುತ್ತದೆ ಎಂದು ಯಾವ ಆಸ್ಪತ್ರೆಯನ್ನು ಕೇಳಿದರೂ ಉತ್ತರ ‘ನಮ್ಮಲ್ಲಿ ಇಲ್ಲ’ ಎಂದೇ ಬರುತ್ತದೆ. ಇದನ್ನು ಸುಳ್ಳೆನ್ನುವುದಕ್ಕಿಂತ ಎಣಿಸುವ ವಿಧಾನದ ದೋಷವೆನ್ನುವುದು ನ್ಯಾಯ. ಅಮೆರಿಕದ ಕೆನೆತ್ ಬಾರ್ಕರ್ 1960ರ ದಶಕದ ಆರಂಭದಲ್ಲಿ ಸಿಸ್ಟರ್ ಔಷಧ ಕೊಡುವುದನ್ನು ಪಕ್ಕದಲ್ಲಿ ನಿಂತು ನೋಡಿ ಬರೆದುಕೊಳ್ಳುವ, ಆಮೇಲೆ ವೈದ್ಯರ ಆದೇಶದೊಂದಿಗೆ ಹೋಲಿಸುವ ಪದ್ಧತಿಯನ್ನು ರೂಪಿಸಿದರು. ಅವರೂ ಸಂಗಡಿಗರೂ 2002ರಲ್ಲಿ ಪ್ರಕಟಿಸಿದ ಅಧ್ಯಯನ 36 ಸಂಸ್ಥೆಗಳ 2,556 ಡೋಸುಗಳನ್ನು ಮೂರು ಬಗೆಯಲ್ಲಿ ಪರೀಕ್ಷಿಸಿತು. ಖಚಿತವಾದ 457 ಪ್ರಮಾದಗಳಲ್ಲಿ ಪಕ್ಕದಲ್ಲಿ ನಿಂತವರು ಹಿಡಿದದ್ದು 300, ಕೇಸ್ ಶೀಟ್ ಓದಿದವರು ಹಿಡಿದದ್ದು 17, ಸಿಬ್ಬಂದಿ ತಾವಾಗಿ ವರದಿ ಮಾಡಿದ್ದು 1. ವರದಿ ಪುಸ್ತಕ ಖಾಲಿ ಇರುವುದು ಸುರಕ್ಷತೆಯ ಪುರಾವೆಯಾಗಲಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ಬೇಕಿಲ್ಲ.

ಪಕ್ಕದಲ್ಲಿ ನಿಲ್ಲಲು ಆಳು ಬೇಕು. ವೈದ್ಯಕೀಯ ಕಾಲೇಜಿರುವ ಬಾಗಲಕೋಟೆಯಲ್ಲಿ ಅದು ಸಾಧ್ಯ. ಕ್ಲಿನಿಕಲ್ ಫಾರ್ಮಸಿಸ್ಟರನ್ನು ವಾರ್ಡಿಗೆ ಕಳಿಸುವ ಪದ್ಧತಿಯಲ್ಲಿ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು 1990ರ ದಶಕದ ಕೊನೆಯ ಭಾಗದಿಂದಲೇ ದೇಶಕ್ಕೆ ದಾರಿ ತೋರಿದ ಸಂಸ್ಥೆಗಳಲ್ಲೊಂದು. 2008ರಲ್ಲಿ ಆರು ವರ್ಷದ ಫಾರ್ಮ್.ಡಿ. ಕೋರ್ಸ್ ಬಂತು. ಬಾಗಲಕೋಟೆಯಲ್ಲೂ ಬಸವೇಶ್ವರ ಸಂಘದ್ದೇ ಫಾರ್ಮಸಿ ಕಾಲೇಜು ಇದೆ. ವಿದ್ಯಾರ್ಥಿಗಳು ರೌಂಡ್ಸಿನಲ್ಲಿ ಸೇರಿ ಚೀಟಿಗಳನ್ನು ಓದುವುದು ಅವರ ಓದಿನ ಭಾಗವಾದರೂ ರೋಗಿಗೆ ಅದು ಇನ್ನೊಂದು ಜೊತೆ ಕಣ್ಣು. ಹುನಗುಂದ, ಇಳಕಲ್ ಮಟ್ಟದಲ್ಲಿ ಆ ಅನುಕೂಲವಿಲ್ಲ.

ಅಲ್ಲಿ ನಡೆಯುವಂಥ ವಿಧಾನ ಸುಳಿವು ಹಿಡಿದು ಹಿಂದಕ್ಕೆ ಹೋಗುವುದು. ವಾರ್ಡಿನಲ್ಲಿ ಶೇಕಡಾ 25ರ ಡೆಕ್ಸ್ಟ್ರೋಸ್ ತುರ್ತಾಗಿ ಏಕೆ ಬಳಕೆಯಾಯಿತು? ಬಹುಶಃ ಇನ್ಸುಲಿನ್ ಹೆಚ್ಚಾಗಿ ಸಕ್ಕರೆ ಇಳಿದಿತ್ತು. ಕ್ಯಾಲ್ಸಿಯಂ ಗ್ಲುಕೊನೇಟ್ ಏಕೆ, ವಿಟಮಿನ್ ಕೆ ಏಕೆ? ಇಂಡೆಂಟ್ ಪುಸ್ತಕದಲ್ಲಿ ಇಂಥ ಪ್ರತಿಮದ್ದುಗಳ ಸಾಲನ್ನು ತಿಂಗಳಿಗೊಮ್ಮೆ ಗುರುತಿಸಿ ಆ ಕೇಸ್ ಶೀಟುಗಳನ್ನು ತೆಗೆದು ನೋಡಿದರೆ ಸಾಕು. ಕಂಪ್ಯೂಟರ್ ಬೇಕಿಲ್ಲ, ಒಬ್ಬರ ಅರ್ಧ ದಿನ ಬೇಕು.

ಕಂಡ ಪ್ರಮಾದವನ್ನು ತೂಗಲು ಅಮೆರಿಕದ ರಾಷ್ಟ್ರೀಯ ಸಮನ್ವಯ ಮಂಡಳಿಯ ಎ ಇಂದ ಐ ವರೆಗಿನ ಶ್ರೇಣಿ ಎಲ್ಲೆಡೆ ಬಳಕೆಯಲ್ಲಿದೆ. ‘ಎ’ ಎಂದರೆ ತಪ್ಪಿಗೆ ಅವಕಾಶವಷ್ಟೇ ಇತ್ತು, ‘ಬಿ’ ಎಂದರೆ ತಪ್ಪಾದರೂ ರೋಗಿಯನ್ನು ಮುಟ್ಟಲಿಲ್ಲ, ‘ಐ’ ಎಂದರೆ ಸಾವಿಗೆ ಕಾರಣವಾಯಿತು ಅಥವಾ ಕಾರಣವಾಗಿರಬಹುದು. ಬೆಲೆಬಾಳುವುದು ‘ಎ’ ಮತ್ತು ‘ಬಿ’. ಸಿಸ್ಟರ್ ಕೊನೆಯ ಗಳಿಗೆಯಲ್ಲಿ ನೋಡಿ ಕೈ ಹಿಂತೆಗೆದ ಪ್ರಸಂಗಗಳನ್ನು ದಾಖಲಿಸುವ ರೂಢಿ ಇಲ್ಲದಲ್ಲಿ ಉಳಿದ ಅಕ್ಷರಗಳು ತಡವಾಗಿಯೇ ತಿಳಿಯುತ್ತವೆ.

ಅಡ್ಡಪರಿಣಾಮಗಳ ದಾಖಲೆಗೆ ರಾಷ್ಟ್ರೀಯ ವ್ಯವಸ್ಥೆ ಇದೆ. ಭಾರತದ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮ 2010ರ ಜುಲೈಯಲ್ಲಿ ಆರಂಭವಾಗಿ ಮರುವರ್ಷ ಗಾಜಿಯಾಬಾದಿನ ಭಾರತೀಯ ಫಾರ್ಮಾಕೋಪಿಯಾ ಆಯೋಗಕ್ಕೆ ಹೋಯಿತು. ಉಚಿತ ದೂರವಾಣಿ 1800-180-3024. ರೋಗಿಗಳೇ ತುಂಬಬಹುದಾದ ನಮೂನೆ ಕನ್ನಡದಲ್ಲೂ ಉಂಟು. ದವಾಖಾನೆಯ ಗೋಡೆಗೆ ಅಂಟಿಸಿದ ಹತ್ತಾರು ಪ್ರಕಟಣೆಗಳ ನಡುವೆ ಈ ಒಂದು ಸಾಲಿಗೆ ಜಾಗ ಸಿಕ್ಕರೆ ಒಳ್ಳೆಯದಿತ್ತು.

ಹೆದರಿಕೆ ಮತ್ತು ಕಾನೂನು

ವರದಿ ಬಾರದಿರಲು ಮುಖ್ಯ ಕಾರಣ ಸೋಮಾರಿತನವಲ್ಲ, ಹೆದರಿಕೆ. 1995ರ ವಿ.ಪಿ. ಶಾಂತಾ ಪ್ರಕರಣದ ಬಳಿಕ ಶುಲ್ಕ ಪಡೆವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನಡಿ ಬಂತು. ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆಗೆ ನಿರ್ಲಕ್ಷ್ಯ ಘೋರವಾದದ್ದಾಗಿರಬೇಕೆಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಶಿಕ್ಷೆ ಇಟ್ಟು, ನೋಂದಾಯಿತ ವೈದ್ಯರಿಗೆ ಮಾತ್ರ ಎರಡು ವರ್ಷಕ್ಕೆ ಇಳಿಸಿದೆ. ಆ ವಿನಾಯಿತಿಯ ವಿವರಣೆಯಲ್ಲಿ ನರ್ಸ್ ಇಲ್ಲ, ಫಾರ್ಮಸಿ ಅಧಿಕಾರಿಯೂ ಇಲ್ಲ. ಔಷಧವನ್ನು ಕೊನೆಗೆ ಕೈಯಾರೆ ಕೊಡುವವರೇ ಹೆಚ್ಚು ಶಿಕ್ಷೆಯ ಅಂಜಿಕೆಯಲ್ಲಿ ಇರುವಾಗ, ‘ತಪ್ಪಾದರೆ ಬರೆದಿಡಿ’ ಎಂಬ ಸುತ್ತೋಲೆಗೆ ಎಷ್ಟು ಬಲ ಬಂದೀತು? ಹೆಸರಿಲ್ಲದ ವರದಿ ಪೆಟ್ಟಿಗೆ, ವಿಚಾರಣೆಯಿಂದ ದೂರವಿಟ್ಟ ಮಾಸಿಕ ಸಭೆ, ಇವು ಮೇಲಧಿಕಾರಿಗಳು ತಾವೇ ಮೊದಲು ತಮ್ಮ ಪ್ರಸಂಗ ಹೇಳಿದಾಗಷ್ಟೇ ಜೀವ ಪಡೆಯುತ್ತವೆ. ಸರ್ಕಾರಿ ಆಸ್ಪತ್ರೆಗಳ ರಾಷ್ಟ್ರೀಯ ಗುಣಮಟ್ಟ ಮಾನದಂಡಗಳು, ಖಾಸಗಿಯವರು ಹೆಚ್ಚಾಗಿ ಪಡೆಯುವ ಎನ್‌ಎಬಿಎಚ್ ಮಾನ್ಯತೆ, ಎರಡೂ ಔಷಧ ಸುರಕ್ಷತೆಗೆ ಅಂಕ ಇಟ್ಟಿವೆ. ಪರಿಶೀಲನೆಗೆ ಬರುವ ಹಿಂದಿನ ರಾತ್ರಿ ತುಂಬಿಸಿದ ರಿಜಿಸ್ಟರನ್ನು ಅನುಭವಿಗಳು ಒಂದೇ ಮಸಿಯಿಂದ ಗುರುತಿಸುತ್ತಾರೆ.

ತಡೆ

ವೈದ್ಯರು ಕಂಪ್ಯೂಟರಿನಲ್ಲೇ ಆದೇಶ ಬರೆಯುವ ವ್ಯವಸ್ಥೆಯಿಂದ, ತಡೆಯಲಾಗದೆ ಉಳಿಯುತ್ತಿದ್ದ ಗಂಭೀರ ಪ್ರಮಾದಗಳು ಅರ್ಧಕ್ಕೂ ಹೆಚ್ಚು ಇಳಿದವೆಂದು ಬಾಸ್ಟನ್ನಿನ ಡೇವಿಡ್ ಬೇಟ್ಸ್ ತಂಡ 1998ರಲ್ಲಿ ತೋರಿಸಿತು. ತಾಲೂಕು ಆಸ್ಪತ್ರೆ ಅದಕ್ಕಾಗಿ ಕಾಯಬೇಕಾಗಿಲ್ಲ. ಫೋನಿನ ಆದೇಶವನ್ನು ಬರೆದುಕೊಂಡು ಮರಳಿ ಓದಿ ಹೇಳುವುದು, ಅಪಾಯದ ಔಷಧಕ್ಕೆ ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಹಾಕುವುದು, ಸಿರಿಂಜಿಗೆ ಎಳೆದ ಕೂಡಲೆ ಹೆಸರಿನ ಪಟ್ಟಿ ಅಂಟಿಸುವುದು, ಹಾಸಿಗೆ ಸಂಖ್ಯೆಯ ಬದಲು ರೋಗಿಯ ಹೆಸರನ್ನು ಅವರ ಬಾಯಿಂದಲೇ ಕೇಳುವುದು ಸಾಕಷ್ಟು ದೂರ ಒಯ್ಯುತ್ತವೆ. ಕೊನೆಯದರಲ್ಲಿ ಒಂದು ಎಚ್ಚರ: ‘ನೀವು ಬಸವ್ವನವರಾ?’ ಎಂದು ಕೇಳಬಾರದು. ಕಿವಿ ಮಂದವಾದ ಹಿರಿಯರು ಎಲ್ಲಕ್ಕೂ ಹ್ಞೂಂ ಅನ್ನುತ್ತಾರೆ, ಈ ಸೀಮೆಯ ಒಂದೇ ವಾರ್ಡಿನಲ್ಲಿ ಬಸವ್ವ ಇಬ್ಬರಿದ್ದರೂ ಇರಬಹುದು. ‘ನಿಮ್ಮ ಹೆಸರೇನ್ರಿ, ಯಾವೂರು?’ ಎಂದೇ ಕೇಳಬೇಕು.

ಬಿಡುಗಡೆಯ ಹೊತ್ತು ಮತ್ತೊಂದು ಕೈಬದಲು. ಬಾದಾಮಿ, ಹುನಗುಂದ ತಾಲೂಕುಗಳಿಂದ ಗೋವಾ, ಮಂಗಳೂರಿಗೆ ದುಡಿಯಲು ಹೋಗುವ ಕುಟುಂಬಗಳು ಅಲ್ಲಿನ ದವಾಖಾನೆಯ ಗುಳಿಗೆಗಳ ಜೊತೆ ಹಬ್ಬಕ್ಕೆ ಊರಿಗೆ ಬರುತ್ತವೆ. ಇಳಕಲ್‌ನ ನೇಕಾರರಲ್ಲೋ ಗ್ರಾನೈಟ್ ಕೆಲಸಗಾರರಲ್ಲೋ ಆಯುರ್ವೇದದ ಚೂರ್ಣವೂ ಅಲೋಪಥಿಯ ಗುಳಿಗೆಯೂ ಒಟ್ಟಿಗೆ ನಡೆದಿರುತ್ತವೆ. ಕೇಳಿದರಷ್ಟೇ ಹೇಳುತ್ತಾರೆ. ದಾಖಲಾಗುವಾಗ ಚೀಲದಲ್ಲಿರುವ ಎಲ್ಲವನ್ನೂ ಮೇಜಿನ ಮೇಲೆ ಸುರಿದು ಒಂದು ಪಟ್ಟಿ, ಬಿಡುಗಡೆಯಾಗುವಾಗ ಯಾವುದನ್ನು ಮುಂದುವರಿಸಬೇಕು, ಯಾವುದನ್ನು ನಿಲ್ಲಿಸಬೇಕು ಎಂಬ ಎರಡನೆಯ ಪಟ್ಟಿ ಮಾಡಬೇಕು. ಪಟ್ಟಿ ಮಾಡಲು ಗುಳಿಗೆಯ ಹೆಸರು ಕಾಣಬೇಕು, ಆದರೆ ಎಣಿಕೆ ಸರಿಹೊಂದಿಸಲು ಕತ್ತರಿಯಿಂದ ತುಂಡರಿಸಿದ ಗುಳಿಗೆ ಸ್ಟ್ರಿಪ್ಪಿನಲ್ಲಿ ಔಷಧದ ಹೆಸರೂ ಅವಧಿ ಮುಗಿಯುವ ದಿನವೂ ಕತ್ತರಿಸಿದ ಇನ್ನೊಂದು ತುಂಡಿಗೆ ಸೇರಿರುತ್ತವೆ. ಬರಿಯ ಬೆಳ್ಳಿಹಾಳೆಯ ಮೇಲಿನ ನಾಲ್ಕು ಬಿಳಿ ಗುಳಿಗೆಗಳನ್ನು ಮುಂದಿನ ದವಾಖಾನೆಯ ಯಾವ ವೈದ್ಯರೂ ಗುರುತಿಸಲಾರರು. ಹೆಸರಿರುವ ತುದಿಯನ್ನು ರೋಗಿಗೆ ಕೊಟ್ಟು ಖಾಲಿ ತುದಿಯನ್ನು ಡಬ್ಬಿಯಲ್ಲಿ ಉಳಿಸಿಕೊಳ್ಳುವ ಫಾರ್ಮಸಿ ಅಧಿಕಾರಿಗಳೂ ಇದ್ದಾರೆ. ಡಬ್ಬಿಯ ಮೇಲೆ ಹೆಸರು ಹೇಗೂ ಬರೆದಿರುತ್ತದೆ.